ಆಪರೇಷನ್ ಸಕ್ಸಸ್ ಅಂದ್ರು, ಮೂವತ್ತನೇ ದಿನ ಯಾರೂ ಕೇಳಲಿಲ್ಲ

ಚಿಂಚೋಳಿ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಸಣ್ಣವ್ವಗೆ ಹತ್ತು ಹನ್ನೆರಡು ವರ್ಷದ ಹಿಂದೆ ಗರ್ಭಚೀಲದ ಆಪರೇಷನ್ ಆಯ್ತು. ಸಿಟಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಆರನೇ ದಿನ ಮನೆಗೆ ಕಳಿಸಿದರು. ಹತ್ತನೇ ದಿನಕ್ಕೆ ಹೊಲಿಗೆ ಹಾಕಿದ ಜಾಗ ಕೆಂಪಾಯ್ತು, ಆಮೇಲೆ ಕೀವು ಬಂತು. ಊರಿನ ಆರ್‌ಎಂಪಿ ಡಾಕ್ಟರ್ ದಿನಾ ಬಂದು ಇಂಜೆಕ್ಷನ್ ಕೊಟ್ಟು, ಡ್ರೆಸ್ಸಿಂಗ್ ಮಾಡಿ ಹೋಗ್ತಿದ್ದ. ಗಾಯ ಮಾಯೋಕೆ ಎರಡು ತಿಂಗಳು ಹಿಡೀತು. ಆ ವರ್ಷ ಆಕೆ ತೊಗರಿ ರಾಶಿಗೆ ಹೋಗಲಿಲ್ಲ, ಅಷ್ಟೂ ಕೂಲಿ ಹೋಯ್ತು. ಆಪರೇಷನ್ ಮಾಡಿದ ದವಾಖಾನಿಗೇ ವಾಪಸ್ ಹೋಗಬೇಕಿತ್ತಲ್ಲ ಸಣ್ಣವ್ವ ಅಂತ ಕೇಳಿದ್ದೆ. "ಟಾಕಿ ಬಿಚ್ಚ್ಯಾರ, ಬಿಲ್ ಕಟ್ಟೀವಿ. ಇನ್ನ ಅವರಿಗಿ ನಾವ್ಯಾರು, ನಮಗ ಅವರ್ಯಾರು?" ಅಂದಳು.

ಆ ನರ್ಸಿಂಗ್ ಹೋಮಿನ ಪುಸ್ತಕದಲ್ಲಿ ಸಣ್ಣವ್ವ ಇವತ್ತಿಗೂ ಆರನೇ ದಿನ ಆರಾಮಾಗಿ ಮನೆಗೆ ಹೋದ ಪೇಷಂಟ್. ಕೀವು, ಎರಡು ತಿಂಗಳು, ಹೋದ ಕೂಲಿ ಯಾವುದೂ ಯಾವ ದಾಖಲೆಯಲ್ಲೂ ಇಲ್ಲ. ಅವರು ಸುಳ್ಳು ಬರೆದುಕೊಂಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಅವರಿಗೆ ಗೊತ್ತೇ ಇಲ್ಲ. ಗೊತ್ತು ಮಾಡಿಕೊಳ್ಳಿ ಅಂತ ಅವರನ್ನು ಯಾವ ಕಾನೂನೂ, ಯಾವ ಅಧಿಕಾರಿಯೂ, ಯಾವ ಶಾಸಕರೂ ಕೇಳಿಲ್ಲ.

ಜಗತ್ತಿನಲ್ಲಿ ಕಳೆದ ಹತ್ತು ಹದಿನೈದು ವರ್ಷದಿಂದ ಇದನ್ನೇ ಕೇಳುವ ಒಂದು ದೊಡ್ಡ ಸಂಶೋಧನೆ ನಡೀತಿದೆ. ಆಪರೇಷನ್ ಆದವರಿಗೆ ಆಮೇಲೆ ಏನಾಗ್ತದೆ? ಎಷ್ಟು ಜನಕ್ಕೆ ಸೋಂಕು, ಎಷ್ಟು ಜನ ಮತ್ತೆ ಆಸ್ಪತ್ರೆಗೆ, ಎಷ್ಟು ಜನ ಮಣ್ಣಿಗೆ? ಆ ಸಂಶೋಧನೆ ಚಿಂಚೋಳಿಯಂಥ ಊರಿಗೆ ಏನು ಹೇಳ್ತದೆ ಅನ್ನೋದು ಇಲ್ಲಿನ ಒಂದು ವಿಷಯ. ಅದಕ್ಕಿಂತ ಮುಖ್ಯವಾದದ್ದು, ನಮ್ಮ ಜಿಲ್ಲೆಯ ಅನುಭವ ಆ ಸಂಶೋಧನೆಗೇ ತಿರುಗಿ ಹಾಕುವ ಒಂದು ಪ್ರಶ್ನೆ.

ಮೂವತ್ತು ದಿನದ ಲೆಕ್ಕ

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಒಂದು ವರದಿ ಕೊಟ್ಟಿತು. ಜಗತ್ತಿನ 500 ಕೋಟಿ ಜನಕ್ಕೆ ಸುರಕ್ಷಿತವಾದ, ಕೈಗೆಟಕುವ ಆಪರೇಷನ್ ಸಿಗ್ತಿಲ್ಲ ಅಂತ ಅದು ಹೇಳಿತು. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ತುರ್ತು ಆಪರೇಷನ್, ಮೂಳೆ ಮುರಿದು ಚರ್ಮದಿಂದ ಹೊರಬಂದಾಗಿನ ಚಿಕಿತ್ಸೆ - ಈ ಮೂರೂ ಎರಡು ಗಂಟೆಯೊಳಗೆ ಮುಟ್ಟುವ ಜಾಗದಲ್ಲಿ ಸಿಗಬೇಕು ಅನ್ನೋದು ಅದರ ಅಳತೆ. ಚಿಂಚೋಳಿಯಿಂದ ಕಲಬುರಗಿಗೆ 80 ಕಿಲೋಮೀಟರಿಗೂ ಮೇಲೆ. ಕುಂಚಾವರಂ ಕಾಡಿನ ಅಂಚಿನ ತಾಂಡಾದಿಂದ ಹೊರಟರೆ ಗಾಡಿ ಸಿಗೋಕೇ ಒಂದು ಗಂಟೆ. ನಂಜುಂಡಪ್ಪ ಸಮಿತಿ 2002ರಲ್ಲಿ ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲೂಕು ಅಂತ ಗುರುತಿಸಿತ್ತು. 371(ಜೆ) ಬಂತು, ಮಂಡಳಿ ಬಂತು, ಕಲಬುರಗಿಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಯ ಕಟ್ಟಡಗಳು ಎದ್ದವು. ಅವು ಬೇಕಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎರಡು ಗಂಟೆಯ ಪ್ರಶ್ನೆ ತಾಂಡಾದವರಿಗೆ ಹಾಗೇ ಉಳಿದಿದೆ. ಎಷ್ಟೋ ಮಂದಿ ಕಲಬುರಗಿ ಬಿಟ್ಟು ತಾಂಡೂರು, ಜಹೀರಾಬಾದ್, ಹೈದರಾಬಾದ್ ಕಡೆ ಹೋಗ್ತಾರೆ. ಆಪರೇಷನ್ ಒಂದು ರಾಜ್ಯದಲ್ಲಿ, ಕೀವು ಇನ್ನೊಂದು ರಾಜ್ಯದಲ್ಲಿ.

2019ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಅಂದಾಜು ಬಂತು. ಆಪರೇಷನ್ ಆಗಿ 30 ದಿನದೊಳಗೆ ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 42 ಲಕ್ಷ ಮಂದಿ. ಎಚ್‌ಐವಿ, ಮಲೇರಿಯಾ, ಕ್ಷಯ ಮೂರೂ ಸೇರಿ ಕೊಲ್ಲುವವರಿಗಿಂತ ಇದು ಜಾಸ್ತಿ. ಅರ್ಧದಷ್ಟು ಸಾವು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಮಲೇರಿಯಾಕ್ಕೆ ಇಲಾಖೆ ಇದೆ, ಕ್ಷಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಇದೆ. ಇದಕ್ಕೆ ಹೆಸರೇ ಇಲ್ಲ.

ಈ ಲೆಕ್ಕ ಹಾಕುವ ಕೆಲಸದಲ್ಲಿ ಮುಖ್ಯವಾದದ್ದು ಗ್ಲೋಬಲ್‌ಸರ್ಜ್ ಅನ್ನುವ ಒಂದು ಕೂಟ. ಇದರ ವಿಧಾನ ನನಗೆ ಬಹಳ ಇಷ್ಟ, ಯಾಕಂದ್ರೆ ಇದಕ್ಕೆ ಕೋಟಿಗಟ್ಟಲೆ ಬೆಲೆಯ ಮಷೀನು ಬೇಡ. ಬೇರೆ ಬೇರೆ ದೇಶದ ವೈದ್ಯಕೀಯ ವಿದ್ಯಾರ್ಥಿಗಳು, ಜೂನಿಯರ್ ಡಾಕ್ಟರುಗಳು ತಮ್ಮ ತಮ್ಮ ಆಸ್ಪತ್ರೆಯಲ್ಲಿ ನಿಗದಿಯಾದ ಒಂದಷ್ಟು ದಿನ ಆಪರೇಷನ್ ಆದ ಎಲ್ಲರ ಹೆಸರು ಬರೆದುಕೊಳ್ಳುತ್ತಾರೆ. ಎಲ್ಲರೂ ಒಂದೇ ಥರದ ಫಾರಂ ತುಂಬುತ್ತಾರೆ. ಮೂವತ್ತನೇ ದಿನ ಆ ಮನುಷ್ಯ ಹೇಗಿದ್ದಾನೆ ಅಂತ ವಿಚಾರಿಸ್ತಾರೆ. ಇಷ್ಟೇ.

ಹೊಟ್ಟೆಯ ಆಪರೇಷನ್ ನಂತರದ ಗಾಯದ ಸೋಂಕಿನ ಬಗ್ಗೆ ಈ ಕೂಟ 66 ದೇಶಗಳ 343 ಆಸ್ಪತ್ರೆಗಳಲ್ಲಿ 12,539 ರೋಗಿಗಳನ್ನು ನೋಡಿ 2018ರಲ್ಲಿ ವರದಿ ಪ್ರಕಟಿಸಿತು. ಮಾನವ ಅಭಿವೃದ್ಧಿಯಲ್ಲಿ ಮುಂದಿರುವ ದೇಶಗಳಲ್ಲಿ ಶೇ. 9.4 ಮಂದಿಗೆ ಸೋಂಕು. ಮಧ್ಯದ ದೇಶಗಳಲ್ಲಿ ಶೇ. 14. ಕೆಳಗಿನ ದೇಶಗಳಲ್ಲಿ ಶೇ. 23.2. ಅಂದ್ರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಸಣ್ಣವ್ವನ ಗತಿ.

ಇನ್ನೊಂದು ಜೋಡಿ ಅಧ್ಯಯನ ಇದಕ್ಕಿಂತ ಹೆಚ್ಚು ಕಲಿಸ್ತದೆ. 27 ದೇಶಗಳ ಸುಮಾರು 45 ಸಾವಿರ ರೋಗಿಗಳ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಶೇ. 16.8 ಮಂದಿಗೆ ಆಪರೇಷನ್ ನಂತರ ಏನಾದರೊಂದು ತೊಂದರೆ ಆಗಿತ್ತು. ಆಫ್ರಿಕಾದ 25 ದೇಶಗಳ ಅಧ್ಯಯನದಲ್ಲಿ ಆ ಪ್ರಮಾಣ ಶೇ. 18.2. ದೊಡ್ಡ ವ್ಯತ್ಯಾಸ ಇಲ್ಲ. ಆದರೆ ತೊಂದರೆ ಆದವರಲ್ಲಿ ಸತ್ತವರೆಷ್ಟು? ಮೊದಲನೆಯದರಲ್ಲಿ ಶೇ. 2.8, ಆಫ್ರಿಕಾದಲ್ಲಿ ಶೇ. 9.5. ಆಫ್ರಿಕಾದ ರೋಗಿಗಳಲ್ಲಿ ತುರ್ತು ಆಪರೇಷನ್ ಆದವರೇ ಜಾಸ್ತಿ, ಇನ್ನೊಂದರಲ್ಲಿ ಮೊದಲೇ ದಿನ ಗೊತ್ತುಮಾಡಿ ಬಂದವರು. ಹಾಗಾಗಿ ಇದು ಪೂರ್ತಿ ಸರಿಸಮ ಹೋಲಿಕೆ ಅಲ್ಲ. ಆದರೂ ಆಫ್ರಿಕಾದ ರೋಗಿಗಳು ವಯಸ್ಸಿನಲ್ಲಿ ಚಿಕ್ಕವರಾಗಿದ್ದರು ಅನ್ನೋದನ್ನು ಮರೀಬೇಡಿ. ಅಲ್ಲಿ ಸತ್ತ ನೂರು ಜನರಲ್ಲಿ 95 ಮಂದಿ ಸತ್ತಿದ್ದು ಆಪರೇಷನ್ ಟೇಬಲ್ ಮೇಲಲ್ಲ, ಆಮೇಲೆ.

ಇದರ ಅರ್ಥ ನೋಡಿ. ನಮ್ಮ ಕಡೆ ಆಪರೇಷನ್ ಅಂದ ಕೂಡಲೇ ಚರ್ಚೆ ಪೂರ್ತಿ ಸರ್ಜನ್ ಕೈಗುಣದ ಮೇಲೆ ನಿಲ್ತದೆ. "ಆ ಡಾಕ್ಟರ್ ಕೈ ಚಲೋ ಅದ." ಕೈ ಚಲೋ ಇದ್ದರೂ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನಾಡಿ ಓಡ್ತಿದೆ, ಬಿಪಿ ಇಳೀತಿದೆ ಅಂತ ನೋಡೋರು ಬೇಕು. ನೋಡಿದ ನರ್ಸ್ ಫೋನ್ ಮಾಡಿದರೆ ಎತ್ತುವ ಡಾಕ್ಟರ್ ಬೇಕು. ರಕ್ತ ಬೇಕು. ವಾರ್ಡ್ ತುಂಬಾ ರೋಗಿಗಳು, ಒಬ್ಬರೇ ನರ್ಸ್ ಇದ್ದಲ್ಲಿ ಯಾರ ಕೈಗುಣವೂ ಕೆಲಸ ಮಾಡಲ್ಲ. ಅದೇ ಆಫ್ರಿಕಾದ ತಂಡ ಆಮೇಲೆ ಅಪಾಯ ಹೆಚ್ಚಿರುವ ರೋಗಿಗಳ ಮೇಲೆ ಹೆಚ್ಚು ನಿಗಾ ಇಟ್ಟರೆ ಸಾವು ಇಳೀತದಾ ಅಂತ ಪರೀಕ್ಷೆ ಮಾಡಿತು. ಇಳೀಲಿಲ್ಲ. ಹೊಸ ಸಿಬ್ಬಂದಿ ಕೊಡದೆ, ಇರುವವರಿಗೇ "ಜಾಸ್ತಿ ನೋಡ್ರಪ್ಪಾ" ಅಂದರೆ ಆಗೋದು ಅಷ್ಟೇ. ನಮ್ಮ ಸುತ್ತೋಲೆ ಪ್ರಿಯ ಇಲಾಖೆಗಳು ಓದಬೇಕಾದ ಫಲಿತಾಂಶ ಇದು.

ಎಲ್ಲವೂ ದುಬಾರಿ ಅಂತಲೂ ಅಲ್ಲ. ಭಾರತ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ, 13,301 ರೋಗಿಗಳ ಮೇಲೆ ನಡೆದ ಚೀತಾ ಅನ್ನುವ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೊಟ್ಟೆಯ ಗಾಯ ಹೊಲಿಯುವ ಮುಂಚೆ ಗ್ಲೌಸ್ ಮತ್ತು ಉಪಕರಣ ಬದಲಿಸಬೇಕು, ಅಷ್ಟೇ ಪ್ರಯೋಗ. ಸೋಂಕು ಶೇ. 18.9ರಿಂದ 16ಕ್ಕೆ ಇಳೀತು. ಸುಮಾರು 35 ಆಪರೇಷನ್ನಿಗೆ ಒಬ್ಬರು ಕೀವಿನಿಂದ ಪಾರು. ತಾಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ.

ನಮ್ಮದೇ ವಿಭಾಗದ ಎರಡು ಕಥೆ

ಇಷ್ಟು ಓದಿ "ಇದೆಲ್ಲ ಹೊರದೇಶದ ಮಾತು" ಅನ್ನೋರಿಗೆ ಒಂದು ವಿಷಯ. ಆಪರೇಷನ್ ಆದ ಬಡವರಿಗೆ ಏನಾಗ್ತದೆ ಅನ್ನೋದರ ಬಗ್ಗೆ ಜಗತ್ತು ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದೇ ಕರ್ನಾಟಕದಲ್ಲಿ.

2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಶುರುವಾಗಿದ್ದು ಗುಲ್ಬರ್ಗ ವಿಭಾಗದಿಂದ. ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಚಿಕಿತ್ಸೆ ಉಚಿತ. ಆಮೇಲೆ ಬೆಳಗಾವಿ ವಿಭಾಗಕ್ಕೆ ಹೋಯ್ತು, ದಕ್ಷಿಣದ ಜಿಲ್ಲೆಗಳಿಗೆ 2012ರಲ್ಲಿ. ಈ ಮಧ್ಯದ ಅವಧಿಯಲ್ಲಿ ರಾಜ್ಯದ ನಡುವೆ ಒಂದು ಗೆರೆ ಎಳೆದಂಗಾಗಿತ್ತು. ಗೆರೆಯ ಈ ಕಡೆಯ ಹಳ್ಳಿಗೆ ಯೋಜನೆ ಇದೆ, ಆ ಕಡೆಯ ಹಳ್ಳಿಗಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ನೀರಜ್ ಸೂದ್ ಮತ್ತು ಸಂಗಡಿಗರು ಆ ಗೆರೆಯ ಅಕ್ಕಪಕ್ಕದ 572 ಹಳ್ಳಿಗಳ ಸುಮಾರು 60 ಸಾವಿರ ಮನೆಗಳ ಸಮೀಕ್ಷೆ ಮಾಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆ ಚಿಕಿತ್ಸೆ ಕೊಡುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇ. 0.90, ಇದ್ದಲ್ಲಿ ಶೇ. 0.32. ಆಸ್ಪತ್ರೆಗೆ ಕೈಯಿಂದ ಹಾಕುವ ದುಡ್ಡೂ ಮೂರರಲ್ಲೊಂದು ಪಾಲು ಇಳಿದಿತ್ತು. 2016ರಲ್ಲಿ ಅದೇ ತಂಡದ ಇನ್ನೊಂದು ಅಧ್ಯಯನ ಬಂತು. ಯೋಜನೆಯ ವ್ಯಾಪ್ತಿಯಲ್ಲಿದ್ದವರಿಗೆ ಆಪರೇಷನ್ ನಂತರದ ಸೋಂಕು ಕಡಿಮೆ, ಮತ್ತೆ ಅಡ್ಮಿಟ್ ಆಗೋದೂ ಕಡಿಮೆ.

ಚಿಂಚೋಳಿ ಆ ಗೆರೆಯಿಂದ ದೂರ, ಹಾಗಾಗಿ ಇದು ನೇರವಾಗಿ ನಮ್ಮ ತಾಲೂಕಿನ ಅಂಕಿಯಲ್ಲ. ಆದರೆ ಯೋಜನೆ ಮೊದಲು ಬಂದದ್ದು ನಮ್ಮ ವಿಭಾಗಕ್ಕೆ. ಯಾವ ಪಕ್ಷದ ಸರ್ಕಾರ ತಂದಿತು, ಯಾರ ಹೆಸರಿಟ್ಟಿತು ಅನ್ನೋದನ್ನು ಪಕ್ಕಕ್ಕಿಟ್ಟು ಹೇಳ್ತೀನಿ: ಬಡವರಿಗೆ ಬೇಕಾದ ಆಪರೇಷನ್ ಉಚಿತವಾಗಿ ಸಿಕ್ಕರೆ ಜೀವ ಉಳೀತದೆ. ಇದಕ್ಕೆ ಪುರಾವೆ ನಮ್ಮ ನೆಲದಲ್ಲೇ ಇದೆ.

ಈಗ ಎರಡನೇ ಕಥೆ. ಹೆಚ್ಚುಕಡಿಮೆ ಅದೇ ಕಾಲ, ಅದೇ ಕಲಬುರಗಿ.

ಜಿಲ್ಲೆಯ ತಾಂಡಾ, ಹಳ್ಳಿಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೆನ್ನು ನೋವು, ಹೊಟ್ಟೆ ನೋವು, ಬಿಳಿ ಮುಟ್ಟು ಅಂತ ಕಲಬುರಗಿಯ ಖಾಸಗಿ ಆಸ್ಪತ್ರೆಗಳಿಗೆ ಹೋದರು. ಒಂದು ಸ್ಕ್ಯಾನಿಂಗ್, ಆಮೇಲೆ "ಗರ್ಭಚೀಲ ಕೆಟ್ಟದ, ತೆಗೀದಿದ್ರ ಕ್ಯಾನ್ಸರ್ ಆಗ್ತದ" ಅನ್ನೋ ಮಾತು. ಸಾಲ ಮಾಡಿ, ಬಂಗಾರ ಅಡ ಇಟ್ಟು ಆಪರೇಷನ್ ಮಾಡಿಸಿಕೊಂಡರು. ಎಷ್ಟೋ ಮಂದಿಗೆ ಇನ್ನೂ 40 ದಾಟಿರಲಿಲ್ಲ. ಮಹಿಳಾ ಸಂಘಟನೆಗಳು, ಕರ್ನಾಟಕ ಜನಾರೋಗ್ಯ ಚಳವಳಿ ಬೆನ್ನು ಹತ್ತಿದವು. 2015ರಲ್ಲಿ ಆರೋಗ್ಯ ಇಲಾಖೆಯ ತನಿಖೆಯಲ್ಲಿ ನಾಲ್ಕು ಆಸ್ಪತ್ರೆಗಳ ಹೆಸರು, 2,258 ಮಹಿಳೆಯರ ಲೆಕ್ಕ ಹೊರಬಂತು. ಅಕ್ಟೋಬರಿನಲ್ಲಿ ಪರವಾನಗಿ ರದ್ದು ಅಂತ ಆದೇಶವಾಯ್ತು. ಆಸ್ಪತ್ರೆಗಳು ಇನ್ನೂ ನಡೀತಾನೇ ಇವೆ ಅಂತ 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳೇ ದೊಡ್ಡ ಸಂಖ್ಯೆಯಲ್ಲಿ ಬಂದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತರು.

ಅಂದ್ರೆ ಒಂದೇ ಜಿಲ್ಲೆಯಲ್ಲಿ ಬೇಕಾದ ಆಪರೇಷನ್ ಸಿಗದೆ ಸಾಯುವವರು ಮತ್ತು ಬೇಡದ ಆಪರೇಷನ್ ಮಾಡಿಸಿಕೊಂಡು ನರಳುವವರು ಇಬ್ಬರೂ ಇದ್ದರು. ಎಷ್ಟೋ ಸಲ ಒಂದೇ ಮನೆಯಲ್ಲಿ.

ಅಳತೆಗೋಲು ಅಳೆಯದೇ ಬಿಟ್ಟದ್ದು

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರ್ತೀನಿ.

ಆ 2,258 ಜನರನ್ನು ಗ್ಲೋಬಲ್‌ಸರ್ಜ್ ಥರದ ಫಾರಂನಲ್ಲಿ ತುಂಬಿದ್ದರೆ ಏನಾಗ್ತಿತ್ತು ಯೋಚಿಸಿ. ಬಹುತೇಕರು ಚಿಕ್ಕ ವಯಸ್ಸಿನವರು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ವಯಸ್ಸಲ್ಲ. ಮೊದಲೇ ದಿನ ಗೊತ್ತುಮಾಡಿ ಮಾಡಿದ ಆಪರೇಷನ್. ಗರ್ಭಕೋಶದಲ್ಲಿ ದೊಡ್ಡ ಗಡ್ಡೆಯೋ ಕ್ಯಾನ್ಸರೋ ಇಲ್ಲದಿದ್ದರೆ ತೆಗೆಯೋದೂ ಸುಲಭ. ಮೂವತ್ತನೇ ದಿನ ಹೆಚ್ಚಿನವರು ಬದುಕಿರುತ್ತಾರೆ, ಹೆಚ್ಚಿನವರ ಗಾಯ ಮಾಯ್ದಿರುತ್ತದೆ. ಆ ಆಸ್ಪತ್ರೆಗಳ ಅಂಕಿ ಚೆಂದ ಕಾಣಿಸ್ತಿತ್ತು. ಗಡ್ಡೆ ಒಡೆದು, ರಕ್ತ ಹರಿದು ಕೊನೇ ಗಳಿಗೆಯಲ್ಲಿ ಬಂದವಳನ್ನು ಒಳಗೆ ಕರಕೊಂಡ ಸರ್ಕಾರಿ ಆಸ್ಪತ್ರೆಯ ಅಂಕಿ ಅದರ ಮುಂದೆ ಕೆಟ್ಟದಾಗಿ ಕಾಣಿಸ್ತಿತ್ತು. ಆರೋಗ್ಯವಂತರಿಗೆ ಬೇಡದ ಆಪರೇಷನ್ ಮಾಡಿದಷ್ಟೂ ಆಸ್ಪತ್ರೆಯ ತೊಂದರೆ ಪ್ರಮಾಣ ಇಳೀತಾ ಹೋಗ್ತದೆ.

ಈ ಆಪರೇಷನ್ ಬೇಕಿತ್ತಾ ಅನ್ನುವ ಪ್ರಶ್ನೆ ಮೂವತ್ತು ದಿನದ ಅಳತೆಯಲ್ಲಿ ಇಲ್ಲ. ಎಣಿಕೆ ಶುರುವಾಗೋದೇ ಚಾಕು ಇಟ್ಟ ಮೇಲೆ.

ಇನ್ನೊಂದು ತುದಿಯೂ ಹಾಗೇ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುವತ್ತರಲ್ಲೇ ಮುಟ್ಟು ನಿಂತ ಸ್ಥಿತಿ ಬರ್ತದೆ. ಮೂಳೆ ಸವೆಯೋದು, ಹೃದಯದ ಕಾಯಿಲೆಯ ಅಪಾಯ ಬೇಗ ಶುರುವಾಗ್ತದೆ. ಅಂಡಾಶಯ ಉಳಿಸಿದ್ದರೂ ಅದರ ಕೆಲಸ ಸಾಮಾನ್ಯಕ್ಕಿಂತ ಬೇಗ ಕುಂದಬಹುದು. ಗುಳೆ ಹೋಗಿ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸದಲ್ಲಿ ಸಿಮೆಂಟ್ ಬುಟ್ಟಿ ಹೊರುವ ಹೆಣ್ಣಿಗೆ ಸೊಂಟವೇ ಬಂಡವಾಳ. ಅದು ಹೋದದ್ದು ಮೂವತ್ತನೇ ದಿನಕ್ಕಲ್ಲ, ಮೂರನೇ ವರ್ಷಕ್ಕೋ ಐದನೇ ವರ್ಷಕ್ಕೋ ತಿಳೀತದೆ. ಆಗ ಅದಕ್ಕೆ ಆಪರೇಷನ್ನಿನ ತೊಂದರೆ ಅಂತ ಯಾರೂ ಹೆಸರಿಡಲ್ಲ. "ವಯಸ್ಸಾಯ್ತವ್ವಾ" ಅಂತಾರೆ, 38ಕ್ಕೇ.

ಇದು ಕಲಬುರಗಿಗಷ್ಟೇ ಸೇರಿದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3.3. ಚಿಂಚೋಳಿಗೆ ತಾಗಿಕೊಂಡ ತೆಲಂಗಾಣದಲ್ಲಿ ಶೇ. 8ಕ್ಕೂ ಮೇಲೆ. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಖಾಸಗಿ ಆಸ್ಪತ್ರೆಗಳಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಕಥೆ 2019ರಲ್ಲಿ ಸದನಕ್ಕೇ ಬಂತು: ಮೂರು ವರ್ಷದಲ್ಲಿ 99 ಖಾಸಗಿ ಆಸ್ಪತ್ರೆಗಳಲ್ಲಿ 4,605 ಆಪರೇಷನ್. ಬಿಹಾರ, ಛತ್ತೀಸಗಢದಲ್ಲಿ ವಿಮಾ ಯೋಜನೆಯ ದುಡ್ಡಿಗಾಗಿಯೇ ನಡೆದ ಆರೋಪ. ಅಂದ್ರೆ ಸರ್ಕಾರ ದುಡ್ಡು ಕೊಟ್ಟರೆ ತಾನಾಗೇ ಎಲ್ಲ ಸರಿ ಹೋಗ್ತದೆ ಅನ್ನೋಕೂ ಬರಲ್ಲ. ಆಪರೇಷನ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಆಪರೇಷನ್ ಹೆಚ್ಚಾಗ್ತವೆ, ಅಷ್ಟೇ.

ನನ್ನ ಸಣ್ಣವ್ವಗೆ ಆಗ 34. ಆಕೆಗೆ ಆ ಆಪರೇಷನ್ ಬೇಕಿತ್ತೋ ಇಲ್ಲವೋ ಅಂತ ಈಗ ಹೇಳೋಕೆ ಯಾವ ದಾರಿಯೂ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ಮನೆಯಲ್ಲಿಲ್ಲ. ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ್ದರೇ? ಕಾಗದ ಇಲ್ಲ. ಇರೋದು ಇಂಗ್ಲಿಷಿನಲ್ಲಿ ಬರೆದ ಒಂದು ಡಿಸ್ಚಾರ್ಜ್ ಕಾರ್ಡು.

ಬಳ್ಳಾರಿ ಕಣ್ಣಿಗೆ ಬಿದ್ದದ್ದು ಹೇಗೆ

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಸೇರಿಯನ್ ಆದ ಬಾಣಂತಿಯರ ಕಿಡ್ನಿ ಕೆಟ್ಟಿತು, ಐವರು ತೀರಿಕೊಂಡರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಗ್ಲೂಕೋಸ್ ಬಾಟಲಿಯ ಮೇಲೆ ಅನುಮಾನ ಹೋಯ್ತು. ಪಶ್ಚಿಮ ಬಂಗಾಳದ ಕಂಪನಿಯ ಆ ದ್ರಾವಣದ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಫೇಲಾಗಿ, ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾಗಿದ್ದವು ಅನ್ನೋದೂ ಹೊರಬಂತು. ರಾಜ್ಯದ ಔಷಧ ನಿಯಂತ್ರಕರ ಅಮಾನತಾಯ್ತು. ಆಮೇಲೆ ಸರ್ಕಾರ ಏಪ್ರಿಲ್‌ನಿಂದ ಡಿಸೆಂಬರ್ ತನಕ ರಾಜ್ಯದಲ್ಲಾದ 464 ತಾಯಂದಿರ ಸಾವಿನ ಆಡಿಟ್ ಮಾಡಿಸಿತು. ಶೇ. 70ರಷ್ಟು ಸಾವು ತಪ್ಪಿಸಬಹುದಿತ್ತು ಅಂತ ಆ ಆಡಿಟ್ಟೇ ಹೇಳಿತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಆ ಸಾವುಗಳು ಒಂದೇ ಆಸ್ಪತ್ರೆಯಲ್ಲಿ, ಒಂದರ ಹಿಂದೆ ಒಂದು ಆಗಿದ್ದಕ್ಕೆ ಕಣ್ಣಿಗೆ ಬಿದ್ದವು. ಅದೇ ಐದು ಸಾವು ಸೇಡಂ, ಚಿತ್ತಾಪುರ, ಚಿಂಚೋಳಿ, ಆಳಂದ, ಜೇವರ್ಗಿ ಅಂತ ಹರಡಿದ್ದರೆ ಐದು ಮನೆಯ ಹಣೆಬರಹವಾಗಿ ಮುಗೀತಿತ್ತು. ಎರಡನೆಯದು, ಬಾಣಂತಿ ಸಾವನ್ನು ಎಣಿಸಲೇಬೇಕು, ವಿಮರ್ಶೆ ಮಾಡಲೇಬೇಕು ಅಂತ ನಿಯಮ ಇದೆ. ಅದಕ್ಕೇ 464 ಅನ್ನೋ ಸಂಖ್ಯೆ ಸಿಕ್ಕಿತು, ಅದಕ್ಕೇ ವಿರೋಧ ಪಕ್ಷ ಕೇಳೋಕಾಯ್ತು, ಸಚಿವರು ಉತ್ತರ ಕೊಡಬೇಕಾಯ್ತು. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶ, ಗರ್ಭಕೋಶದ ಆಪರೇಷನ್ ಆಗಿ ಸತ್ತವರ ಬಗ್ಗೆ ಹಾಗೆ ಸದನದಲ್ಲಿ ಪ್ರಶ್ನೆ ಹಾಕೋಕೆ ಸಂಖ್ಯೆಯೇ ಇಲ್ಲ.

ಯಾರು ಎಣಿಸಬೇಕು

ಡಾಕ್ಟರ್ ಗೆಳೆಯರು ಇದನ್ನು ಓದಿದರೆ ಸಿಟ್ಟಾಗ್ತಾರೆ ಅಂತ ಗೊತ್ತು. ಅಂಕಿ ಹೊರಗೆ ಹಾಕಿದರೆ ನಾಳೆ ಯಾವ ಸರ್ಜನ್ನೂ ಕಷ್ಟದ ಕೇಸು ಮುಟ್ಟಲ್ಲ, ಎಲ್ಲರನ್ನೂ ಹೈದರಾಬಾದಿಗೆ ರೆಫರ್ ಮಾಡ್ತಾರೆ ಅನ್ನೋದು ಅವರ ವಾದ. ಹುರುಳಿರುವ ವಾದ. ನ್ಯೂಯಾರ್ಕ್ ರಾಜ್ಯ ಹೃದಯ ಆಪರೇಷನ್ನಿನ ಸಾವಿನ ಅಂಕಿಗಳನ್ನು ಪ್ರಕಟಿಸಲು ಶುರು ಮಾಡಿದಾಗಿನಿಂದ ಈ ಜಗಳ ನಡೀತಿದೆ. ಪೇಷಂಟ್ ಸತ್ತರೆ ಡಾಕ್ಟರಿಗೆ ಹೊಡೆಯುವ ಜನ ಇರುವ ಊರಲ್ಲಿ ಆ ಭಯ ಇನ್ನೂ ಜಾಸ್ತಿ. ಹಾಗಾಗಿ ರೋಗಿ ಬಂದಾಗ ಯಾವ ಸ್ಥಿತಿಯಲ್ಲಿದ್ದ, ಎಷ್ಟು ತಡವಾಗಿ ಬಂದ ಅನ್ನೋದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಮತ್ತು ಒಬ್ಬೊಬ್ಬ ಡಾಕ್ಟರ್ ಹೆಸರಿನಲ್ಲಿ ಅಲ್ಲ, ಆಸ್ಪತ್ರೆಯ ಹೆಸರಿನಲ್ಲಿ.

ಆದರೆ ಎಣಿಸೋದೇ ಬೇಡ ಅನ್ನೋಕಾಗಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಆಪರೇಷನ್ನಿನಲ್ಲಿ ಬೇರೆಡೆಗಿಂತ ಜಾಸ್ತಿ ಸಾವು ಆಗ್ತಿವೆ ಅಂತ ಗೊತ್ತಾಗಿದ್ದು, ಅಲ್ಲಿನ ಅರಿವಳಿಕೆ ವೈದ್ಯ ಸ್ಟೀವ್ ಬಾಲ್ಸಿನ್ ತಾನೇ ಕೂತು ಲೆಕ್ಕ ಬರೆದಿಟ್ಟುಕೊಂಡಿದ್ದರಿಂದ. ಆತ ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಬೇಕಾಯ್ತು. 2001ರ ವಿಚಾರಣಾ ವರದಿ ಬಂದ ಮೇಲೆ ಬ್ರಿಟನ್ನಿನ ಹೃದಯ ಸರ್ಜನ್ನುಗಳು ತಮ್ಮ ಅಂಕಿ ಪ್ರಕಟಿಸುವ ಪದ್ಧತಿ ಶುರುವಾಯ್ತು.

ನಮ್ಮಲ್ಲಿ ಅವಕಾಶ ಬಂದಿತ್ತು. 2017ರಲ್ಲಿ ಕೆಪಿಎಂಇ ಕಾಯ್ದೆ ತಿದ್ದುಪಡಿ ಆಗುವಾಗ ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳ ಮುಷ್ಕರ, ಬೆಳಗಾವಿಯಲ್ಲಿ ಪ್ರತಿಭಟನೆ, ರಮೇಶ್ ಕುಮಾರ್ ಜೊತೆ ಹಗ್ಗಜಗ್ಗಾಟ ನೆನಪಿರಬಹುದು. ಚರ್ಚೆ ಪೂರ್ತಿ ನಡೆದದ್ದು ದರ ಎಷ್ಟು, ಜೈಲು ಬೇಕಾ ಬೇಡವಾ ಅನ್ನೋದರ ಮೇಲೆ. ಎರಡೂ ಕೊನೆಗೆ ತೆಳ್ಳಗಾದವು. ಆಪರೇಷನ್ ಫಲಿತಾಂಶ ಕೊಡಿ ಅನ್ನೋ ಬೇಡಿಕೆ ಬೀದಿಯಲ್ಲೂ ಕೇಳಲಿಲ್ಲ, ಸದನದಲ್ಲೂ ಕೇಳಲಿಲ್ಲ. ಕಲಬುರಗಿಯ ಹೆಣ್ಣುಮಕ್ಕಳು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ಒಂಬತ್ತು ತಿಂಗಳಷ್ಟೇ ಆಗಿತ್ತು.

ಈಗಿನ ಯೋಜನೆ ನೋಡಿ. ಆಯುಷ್ಮಾನ್ ಭಾರತದ ನಿಯಮದ ಪ್ರಕಾರ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧ, ತಪಾಸಣೆ ಪ್ಯಾಕೇಜಿನಲ್ಲೇ ಸೇರಿದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಮನೆಯವರಿಗೆ ಹೇಳಿಡಿ. ಆದರೆ ಜಗತ್ತು ಎಣಿಸೋದು 30 ದಿನ. ಆ ಇನ್ನುಳಿದ ದಿನಗಳಲ್ಲಿ ಏನಾಯ್ತು ಅಂತ ಒಂದು ಫೋನ್ ಮಾಡಿ ಬರೆದುಕೊಂಡ ಮೇಲೇ ಆಸ್ಪತ್ರೆಗೆ ಪ್ಯಾಕೇಜಿನ ಕೊನೇ ಕಂತು ಬಿಡುಗಡೆ ಅಂತ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಒಂದು ಷರತ್ತು ಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ. ಫೋನಿನಲ್ಲಿ ಕೆಲವು ಸೋಂಕು ತಪ್ಪಿಹೋಗ್ತವೆ, ನಿಜ. ಗುಳೆ ಹೋದವರನ್ನು ಹಿಡಿಯೋಕೆ ಬೇರೆ ದಾರಿಯೂ ಇಲ್ಲ.

ಹಳ್ಳಿಯಲ್ಲಿ ಇದಕ್ಕೆ ಮಾದರಿ ಆಗಲೇ ಇದೆ. ಹೆರಿಗೆ ಆದ ಮೇಲೆ ಆಶಾ ಕಾರ್ಯಕರ್ತೆ 42 ದಿನದ ತನಕ ಮನೆಗೆ ಹಲವು ಸಲ ಬಂದು ತಾಯಿ, ಕೂಸನ್ನು ನೋಡಿ ಫಾರಂ ತುಂಬುತ್ತಾಳೆ. ಅದೇ ಓಣಿಯಲ್ಲಿ ಗರ್ಭಚೀಲ ತೆಗೆಸಿಕೊಂಡು ಮಲಗಿದವಳ ಮನೆಗೆ ಹೋಗು ಅಂತ ಆಕೆಗೆ ಯಾರೂ ಹೇಳಿಲ್ಲ. ಹೇಳಬೇಕು. ಆದರೆ ಪುಕ್ಕಟೆ ಅಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ರಾತ್ರಿ ಮಲಗಿದ್ದವರು ಇವರೇ. ಇನ್ನೊಂದು ರಿಜಿಸ್ಟರ್ ಅವರ ತಲೆ ಮೇಲೆ ಹೊರಿಸಿ ದುಡ್ಡು ಕೊಡದಿದ್ದರೆ ಆಫ್ರಿಕಾದ ಆ ನಿಗಾ ಪ್ರಯೋಗದ ಗತಿಯೇ ಇದಕ್ಕೂ. ಕಲಬುರಗಿಯಲ್ಲಿ ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ, ಇನ್ನೂ ಖಾಸಗಿ ಕಾಲೇಜುಗಳಿವೆ. ಮೂವತ್ತನೇ ದಿನ ಫೋನ್ ಮಾಡೋಕೆ ವಿದ್ಯಾರ್ಥಿಗಳಿಗೇನೂ ಕೊರತೆಯಿಲ್ಲ. 66 ದೇಶದಲ್ಲಿ ಅವರೇ ಮಾಡಿದ್ದು.

ಆಪರೇಷನ್ನಿಗೆ ಮುಂಚಿನ ಪ್ರಶ್ನೆಗೆ, ಅಂದ್ರೆ ಬೇಕಿತ್ತಾ ಅನ್ನೋದಕ್ಕೆ, ಈಗ ಒಂದು ಕಾನೂನಿನ ಹಿಡಿಕೆ ಇದೆ. ಡಾ. ನರೇಂದ್ರ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕು ಅಂತ ಹೇಳಿದೆ. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಮಿತಿ ಇರಬೇಕು, ಯಾವ ವಯಸ್ಸಿನವರಿಗೆ ಯಾವ ಕಾರಣಕ್ಕೆ ಆಪರೇಷನ್ ಆಯ್ತು ಅನ್ನೋ ಮಾಹಿತಿ ಅಲ್ಲಿಗೆ ಬರಬೇಕು ಅನ್ನೋದು ಮಾರ್ಗಸೂಚಿ. ಖಾಸಗಿ ಆಸ್ಪತ್ರೆಗೂ ಅನ್ವಯ.

ಚಿಂಚೋಳಿಯಲ್ಲೋ ಸೇಡಂನಲ್ಲೋ ಕೂತು ಇದನ್ನು ಓದ್ತಿರುವವರು ಮಾಡಬಹುದಾದ ಒಂದು ಕೆಲಸ ಇದೆ. ಕಲಬುರಗಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಕೇಳಬೇಕಾದದ್ದು ಮೂರೇ. ಜಿಲ್ಲಾ ಉಸ್ತುವಾರಿ ಸಮಿತಿ ಯಾವ ದಿನಾಂಕದಂದು ರಚನೆಯಾಯ್ತು, ಅದರ ಸಭೆಗಳ ನಡಾವಳಿ ಪ್ರತಿ ಕೊಡಿ. ಕಳೆದ ಎರಡು ವರ್ಷದಲ್ಲಿ ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದ ಆಪರೇಷನ್ ಎಷ್ಟು, ಅದರಲ್ಲಿ 40 ವರ್ಷದೊಳಗಿನವರೆಷ್ಟು, ಆಸ್ಪತ್ರೆವಾರು ಕೊಡಿ. 2015ರಲ್ಲಿ ಪರವಾನಗಿ ರದ್ದಾದ ನಾಲ್ಕು ಆಸ್ಪತ್ರೆಗಳ ಈಗಿನ ಸ್ಥಿತಿ ಏನು. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಈ ಮೂರು ಪ್ರಶ್ನೆ ಬರೆದರೂ ಇನ್ನೂ ಜಾಗ ಉಳೀತದೆ.